ಐವರಿಗೆ ಒಂದೇ ಹೆಸರು



ಅಡ್ಡಹೆಸರು ಎಂಬ ಮಾತಿಗೆ ನಮ್ಮ ಕನ್ನಡದಲ್ಲಿ ಎರಡು ಅರ್ಥಗಳಿವೆ. ಧಾರವಾಡದ ಕಡೆ ಅಡ್ಡಹೆಸರು ಎಂದರೆ ಮನೆತನದ ಹೆಸರು. ಮೈಸೂರಿನ ಕಡೆ ಅಡ್ಡಹೆಸರು ಎಂದರೆ ಊರಿನವರು ಇಟ್ಟ ಹೆಸರು. ಮೊದಲನೆಯದು ಹುಟ್ಟಿನಿಂದ ಬರುತ್ತದೆ. ಎರಡನೆಯದು ನೋಡುವವರ ಬಾಯಿಂದ ಬರುತ್ತದೆ. ಕುಳ್ಳ, ಉದ್ದಣ್ಣ, ಸೋಡಾಬುಡ್ಡಿ ಎಂದು ಒಬ್ಬೊಬ್ಬರಿಗೆ ಇಡುವ ಹೆಸರುಗಳು ಎಲ್ಲ ಊರಿನಲ್ಲಿಯೂ ಇವೆ, ಅದರಲ್ಲಿ ವಿಶೇಷವಿಲ್ಲ. ಆದರೆ ಮೂರು ಜನಕ್ಕೋ ಐದು ಜನಕ್ಕೋ ಸೇರಿಸಿ ಒಂದೇ ಹೆಸರು ಬೀಳುವುದು ಅಪರೂಪ. ಅಂಥ ಹೆಸರು ಬೀಳಬೇಕಾದರೆ ನೋಡುವವರ ಕಣ್ಣಿಗೆ ಅವರು ಬೇರೆ ಬೇರೆ ಜನರಾಗಿ ಕಾಣುವುದು ನಿಂತು ಒಂದೇ ಆಗಿ ಕಾಣಬೇಕು. ಇದು ಸುಲಭದ ಮಾತಲ್ಲ.

ಆಟದ ಮೈದಾನದಲ್ಲಿ ಹೀಗೆ ಕೂಡಿ ಹೆಸರು ಪಡೆದವರ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಕಥೆಯ ನಡುವೆ ಕೆನಡಾ, ಅಮೆರಿಕ, ರಷ್ಯಾ ದೇಶಗಳೂ ಬರುತ್ತವೆ. ಆದರೆ ನಮಗೆ ಹತ್ತಿರದ ಕಥೆ ಕಲ್ಕತ್ತೆಯದು. ಅದರ ನಾಯಕರಲ್ಲಿ ಒಬ್ಬರು ನಮ್ಮ ಬೆಂಗಳೂರಿನವರು.

ಐದು ಎಂಬ ಸಂಖ್ಯೆ ಕಂಡರೆ ನಮ್ಮ ಜನರಿಗೆ ಪಾಂಡವರ ನೆನಪು ಬರುತ್ತದೆ. ಬೆಟ್ಟದ ಮೇಲೆ ಐದು ಬಂಡೆ ಸಾಲಾಗಿ ನಿಂತಿದ್ದರೆ ಅವು ಪಂಚಪಾಂಡವರು. ಒಂದೇ ಮನೆಯಲ್ಲಿ ಐದು ಗಂಡುಮಕ್ಕಳಿದ್ದರೆ ಅವರೂ ಪಂಚಪಾಂಡವರು. ಕೊಡಗು, ಮೈಸೂರು ಸೀಮೆಗಳಲ್ಲಿ ಸಾವಿರಾರು ವರ್ಷ ಹಳೆಯದಾದ ಕಲ್ಲುಗೋರಿಗಳನ್ನು ಕೂಡ ಪಾಂಡವರ ಹೆಸರಿನಿಂದ ಕರೆಯುವ ವಾಡಿಕೆಯಿದೆ. ಯಾರು ಕಟ್ಟಿದರೆಂದು ಗೊತ್ತಿಲ್ಲದ ದೊಡ್ಡ ಕೆಲಸವನ್ನೆಲ್ಲ ಜನ ಪಾಂಡವರ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಬಂಗಾಳದ ಜನರೂ ಈ ವಿಷಯದಲ್ಲಿ ನಮ್ಮ ಹಾಗೆಯೇ. 1949ರಲ್ಲಿ ಕಲ್ಕತ್ತೆಯ ಫುಟ್‌ಬಾಲ್ ಮೈದಾನದಲ್ಲಿ ಐವರು ಫಾರ್ವರ್ಡ್ ಆಟಗಾರರು ಒಂದೇ ಸಾಲಿನಲ್ಲಿ ನಿಂತಾಗ ಅಲ್ಲಿಯ ಜನರ ಬಾಯಲ್ಲಿ ಅವರು ಪಂಚಪಾಂಡವರಾದರು.

ಇಂದು ಟೆಲಿವಿಷನ್‌ನಲ್ಲಿ ಫುಟ್‌ಬಾಲ್ ನೋಡುವ ಹುಡುಗರಿಗೆ ಐವರು ಫಾರ್ವರ್ಡ್‌ಗಳು ಎಂದರೆ ವಿಚಿತ್ರವೆನಿಸಬಹುದು. ಆಗಿನ ಪದ್ಧತಿಯೇ ಬೇರೆ. ಹನ್ನೊಂದು ಜನರಲ್ಲಿ ಒಬ್ಬ ಗೋಲ್‌ಕೀಪರ್. ಅವನ ಮುಂದೆ ಇಬ್ಬರು ಬ್ಯಾಕ್‌ಗಳು. ಅವರ ಮುಂದೆ ಮೂವರು ಹಾಫ್‌ಬ್ಯಾಕ್‌ಗಳು. ಎಲ್ಲರಿಗಿಂತ ಮುಂದೆ ಐವರು ಫಾರ್ವರ್ಡ್‌ಗಳು. ಬಲ ಅಂಚಿನಲ್ಲಿ ರೈಟ್ ಔಟ್, ಅವನ ಪಕ್ಕದಲ್ಲಿ ರೈಟ್ ಇನ್, ನಡುವೆ ಸೆಂಟರ್ ಫಾರ್ವರ್ಡ್, ಆಮೇಲೆ ಲೆಫ್ಟ್ ಇನ್, ಎಡ ಅಂಚಿನಲ್ಲಿ ಲೆಫ್ಟ್ ಔಟ್. ನಮ್ಮ ನೆಲದ ಹಾಕಿಯಲ್ಲಿಯೂ ಬಹಳ ಕಾಲ ಇದೇ ಏರ್ಪಾಡಿತ್ತು. ಅಂಚಿನವರು ಚೆಂಡನ್ನು ಒಯ್ಯುವುದು, ಒಳಗಿನವರು ದಾರಿ ಮಾಡಿಕೊಡುವುದು, ನಡುವಿನವನು ಗೋಲು ಹೊಡೆಯುವುದು. ಈ ಐವರಲ್ಲಿ ಒಬ್ಬನ ಮನಸ್ಸು ಇನ್ನೊಬ್ಬನಿಗೆ ತಿಳಿಯದಿದ್ದರೆ ಎಷ್ಟು ಓಡಿದರೂ ಕೆಲಸ ಆಗುತ್ತಿರಲಿಲ್ಲ.

ಆ ಐವರ ಹೆಸರನ್ನು ಮೈದಾನದ ಬಲದಿಂದ ಎಡಕ್ಕೆ, ಸಾಲಿನ ಕ್ರಮದಲ್ಲಿಯೇ ಹೇಳುತ್ತೇನೆ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇಹ್. ಕ್ಲಬ್ಬಿನ ಹೆಸರು ಈಸ್ಟ್ ಬೆಂಗಾಲ್. ಆದರೆ ಈ ಐವರಲ್ಲಿ ಒಬ್ಬರೂ ಬಂಗಾಳಿಗಳಲ್ಲ, ಐವರೂ ದಕ್ಷಿಣದವರು. ಅಪ್ಪಾರಾವ್ ಆಂಧ್ರದ ಕಾಕಿನಾಡದವರು, 1940ರ ದಶಕದ ಆರಂಭದಿಂದಲೇ ಆ ಕ್ಲಬ್ಬಿನಲ್ಲಿದ್ದ ಹಿರಿಯರು. ಸಾಲೇಹ್ ಇಂದಿನ ಕೇರಳದವರು. ಅಹ್ಮದ್ ಖಾನ್ ಬೆಂಗಳೂರಿನವರು, ಫುಟ್‌ಬಾಲ್ ಆಡುವ ಮನೆತನದಲ್ಲಿ 1926ರಲ್ಲಿ ಹುಟ್ಟಿದವರು. ಹೀಗೆ ಬೇರೆ ಬೇರೆ ಊರುಗಳಿಂದ ಬಂದವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದವರು ಕ್ಲಬ್ಬಿನ ಆಡಳಿತ ನೋಡಿಕೊಳ್ಳುತ್ತಿದ್ದ ಜ್ಯೋತಿಷ್ ಚಂದ್ರ ಗುಹ. ಪಾಂಡವರಿಗೆ ಸಾರಥಿಯೊಬ್ಬ ಬೇಕೇ ಬೇಕಲ್ಲವೇ? ಆ ಸ್ಥಾನವನ್ನು ನಾನು ಗುಹರಿಗೆ ಕೊಡುತ್ತೇನೆ.

ಕಲ್ಕತ್ತೆಯಂಥ ಊರು ಫುಟ್‌ಬಾಲ್ ಆಡುವವರನ್ನು ಹುಡುಕಿಕೊಂಡು ಬೆಂಗಳೂರಿಗೆ ಏಕೆ ಬಂತು ಎಂದು ನೀವು ಕೇಳಬಹುದು. ಕಾರಣವಿದೆ. ಬೆಂಗಳೂರಿನ ದಂಡುಪ್ರದೇಶದಲ್ಲಿ ಬ್ರಿಟಿಷ್ ಪಲ್ಟಣಗಳಿದ್ದವು. ಸಿಪಾಯಿಗಳು ಸಂಜೆ ಚೆಂಡಾಡುವುದನ್ನು ನೋಡಿ ನೋಡಿ ಸುತ್ತಲಿನ ಬಡಾವಣೆಗಳ ಹುಡುಗರು ಆಟ ಕಲಿತರು. ಬೂಟು ಕೊಳ್ಳುವ ಶಕ್ತಿಯಿಲ್ಲದೆ ಬರಿಗಾಲಿನಲ್ಲಿ ಕಲಿತರು. ಬೊಂಬಾಯಿಯ ರೋವರ್ಸ್ ಕಪ್ ಪಂದ್ಯಾವಳಿ 1891ರಲ್ಲಿ ಆರಂಭವಾದದ್ದು. ಅದನ್ನು ನಾಲ್ಕೂವರೆ ದಶಕಗಳ ಕಾಲ ಬ್ರಿಟಿಷ್ ಪಲ್ಟಣಗಳೇ ಹೊತ್ತುಕೊಂಡು ಹೋಗುತ್ತಿದ್ದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಅದನ್ನು ಗೆದ್ದುಕೊಂಡಿತು, ಮರುವರ್ಷ ಮತ್ತೊಮ್ಮೆ ಗೆದ್ದಿತು. 1946ರಲ್ಲಿ ಮೈಸೂರು ಸಂಸ್ಥಾನದ ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಪಡೆಯಿತು. ನಮ್ಮ ನೀಲಗಿರಿಯ ವೆಲಿಂಗ್ಟನ್‌ನಂಥ ದಂಡಿನ ಊರುಗಳನ್ನು ಕಂಡವರಿಗೆ ಈ ಸಂಬಂಧ ವಿವರಿಸಬೇಕಾಗಿಲ್ಲ. ದಂಡು ಎಲ್ಲಿ ಬೀಡುಬಿಟ್ಟಿತೋ ಅಲ್ಲಿ ಒಂದು ಮೈದಾನ, ಮೈದಾನ ಎಲ್ಲಿತ್ತೋ ಅಲ್ಲಿ ಬೇಲಿಯಾಚೆ ನಿಂತು ನೋಡುವ ನಮ್ಮ ಹುಡುಗರು.

ಇನ್ನು ಪಾಂಡವರ ಪರಾಕ್ರಮ. ಅಹ್ಮದ್ ಖಾನ್ ಬಂದು ಸಾಲು ಪೂರ್ತಿಯಾದ 1949ರಲ್ಲಿ ಈಸ್ಟ್ ಬೆಂಗಾಲ್ ತಂಡ ಕಲ್ಕತ್ತಾ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. 1950ರಲ್ಲಿ ಲೀಗ್ ಮತ್ತು ಶೀಲ್ಡ್. 1951ರಲ್ಲಿ ಮತ್ತೆ ಶೀಲ್ಡ್, ಜೊತೆಗೆ ದೆಹಲಿಯ ಡ್ಯುರಾಂಡ್ ಕಪ್. ಹೀಗೆ ಶೀಲ್ಡನ್ನು ಸತತ ಮೂರು ವರ್ಷ ಗೆದ್ದ ಮೊದಲ ಭಾರತೀಯ ತಂಡವೆಂಬ ಕೀರ್ತಿ ಅದಕ್ಕೆ ಬಂತು. 1952ರಲ್ಲಿ ಲೀಗ್ ಮತ್ತು ಡ್ಯುರಾಂಡ್. 1953ರವರೆಗೆ ಈ ಐವರು ಕೂಡಿ ಆಡಿದರು. ಲೆಕ್ಕ ಹಾಕಿದರೆ ಐದು ವರ್ಷ. ಐವರಿಗೆ ಐದು ವರ್ಷ! ವನವಾಸದ ಅವಧಿಯ ಅರ್ಧವೂ ಆಗಲಿಲ್ಲ, ಆದರೆ ಹೆಸರು ಮುಕ್ಕಾಲು ಶತಮಾನ ದಾಟಿ ಉಳಿದಿದೆ.

ಗೆದ್ದ ತಂಡಗಳು ಬಹಳ ಇವೆ. ಗೆದ್ದವರಿಗೆಲ್ಲ ಇಂಥ ಹೆಸರು ಬೀಳುವುದಿಲ್ಲ. ಹಾಗಾದರೆ ಇವರಿಗೇಕೆ ಬಿತ್ತು? ಇದಕ್ಕೆ ಉತ್ತರ ಬೇಕಾದರೆ ಆಗಿನ ಕಲ್ಕತ್ತೆಯನ್ನು ನೆನೆಯಬೇಕು. 1947ರಲ್ಲಿ ದೇಶ ಇಬ್ಭಾಗವಾಯಿತು. ಪೂರ್ವ ಬಂಗಾಳದಲ್ಲಿ ಮನೆ, ಗದ್ದೆ, ಕೆರೆ ಬಿಟ್ಟು ಲಕ್ಷಗಟ್ಟಲೆ ಜನ ಕಲ್ಕತ್ತೆಗೆ ಬಂದರು. ರೈಲ್ವೆ ನಿಲ್ದಾಣದಲ್ಲಿ, ಖಾಲಿ ಜಾಗಗಳಲ್ಲಿ ಬಿಡಾರ ಹೂಡಿದರು. ಕಳೆದುಕೊಂಡ ನಾಡಿನ ಹೆಸರು ಅವರಿಗೆ ಉಳಿದಿದ್ದ ಜಾಗಗಳಲ್ಲಿ ಒಂದು ಈ ಫುಟ್‌ಬಾಲ್ ಕ್ಲಬ್, 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್. ಅದು ಗೆದ್ದ ದಿನ ತಮಗೂ ಒಂದು ವಿಳಾಸವಿದೆ ಎನ್ನುವ ಧೈರ್ಯ ಅವರಿಗೆ. ಅಂಥವರ ಕಣ್ಣೆದುರು ಈ ಐವರು ದಕ್ಷಿಣದ ಆಟಗಾರರು ಬರಿಗಾಲಿನಲ್ಲಿ ಆಡಿ ಗೆಲ್ಲಿಸಿದರು. ರಾಜ್ಯ ಕಳೆದುಕೊಂಡು ಕಾಡಿಗೆ ಹೋದ ಐವರ ಕಥೆ ನಿರಾಶ್ರಿತರಿಗೆ ಹತ್ತಿರದ ಕಥೆ. ಆ ಹೆಸರಿನಲ್ಲಿ ಆಟದ ಹೊಗಳಿಕೆಯ ಜೊತೆಗೆ ಅವರ ಸ್ವಂತ ಆಸೆಯೂ ಸೇರಿತ್ತು ಎಂದು ನನಗೆ ತೋರುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸಿ. ಈ ಐವರಲ್ಲಿ ಇಬ್ಬರು ಮುಸ್ಲಿಮರು. ಅದು ದೇಶ ಧರ್ಮದ ಹೆಸರಿನಲ್ಲಿ ಒಡೆದ ಕಾಲ. ಅದರಿಂದಲೇ ಮನೆ ಕಳೆದುಕೊಂಡ ಜನ ಅಹ್ಮದ್ ಖಾನರನ್ನೂ ಸಾಲೇಹ್ ಅವರನ್ನೂ ಪಾಂಡುವಿನ ಮಕ್ಕಳೆಂದು ಕರೆದರು. ನಿಮ್ಮ ಮತ ಯಾವುದು, ಮಾತು ಯಾವುದು, ಬಂಗಾಳಿ ಬರುತ್ತದೆಯೇ ಎಂಬುದು ಆ ಹೆಸರಿಗೆ ಅಡ್ಡಬರಲಿಲ್ಲ. ಸಭೆ ಸೇರಿಸಿ ಠರಾವು ಮಾಡಿದ್ದರೆ ಇಂಥದು ಆಗುತ್ತಿತ್ತೋ ಇಲ್ಲವೋ. ಮೈದಾನದ ಸುತ್ತ ನಿಂತ ಜನ ತಾವಾಗಿಯೇ ಮಾಡಿದರು. ಆಡುವ ಭಾಷೆ ಒಂದು, ಆಳುವ ಭಾಷೆ ಇನ್ನೊಂದು ಆಗಿರುವ ನಮ್ಮಂಥವರಿಗೆ ಈ ಮಾತಿನ ಬೆಲೆ ಚೆನ್ನಾಗಿ ತಿಳಿಯುತ್ತದೆ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನೀಲಗಿರಿ ಮದ್ರಾಸಿನಲ್ಲಿ ಉಳಿಯಿತು. ಅಂದಿನಿಂದ ಗೂಡಲೂರು, ಮಸಿನಗುಡಿ, ಉದಕಮಂಡಲದ ಕನ್ನಡಿಗರು ಗಡಿಯ ಈಚೆಗಿನವರು. ಪರಭಾಷೆಯ ಊರಿನಲ್ಲಿ ಜನ ನಿಮ್ಮನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದರ ಮೇಲೆ ನೀವು ಅಲ್ಲಿ ನೆಂಟರೋ ಮನೆಯವರೋ ಎಂಬುದು ತೀರ್ಮಾನವಾಗುತ್ತದೆ.

ಈಗ ಸ್ವಲ್ಪ ದೂರದ ದೇಶಕ್ಕೆ ಹೋಗೋಣ. ಆಟಗಾರರ ಸಾಲಿಗೆ ಹೆಸರಿಡುವುದನ್ನು ಒಂದು ಸಂಪ್ರದಾಯವನ್ನಾಗಿಯೇ ಬೆಳೆಸಿದವರು ಐಸ್ ಹಾಕಿ ಆಡುವ ದೇಶದವರು. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಊಟಿಯ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಹಿಮ ಕೂತಿರುವುದನ್ನು ನಾವೆಲ್ಲ ನೋಡಿದ್ದೇವೆ. ಬಿಸಿಲೇರಿದರೆ ಅದು ಮಾಯ. ಕೆನಡಾದಂಥ ದೇಶದಲ್ಲಿ ತಿಂಗಳುಗಟ್ಟಲೆ ಕೆರೆಗಳೇ ಹೆಪ್ಪುಗಟ್ಟಿ ಕಲ್ಲಾಗುತ್ತವೆ. ಅದರ ಮೇಲೆ ಉಕ್ಕಿನ ಅಲಗಿನ ಬೂಟು ತೊಟ್ಟು, ಜಾರುತ್ತಾ, ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆಯನ್ನು ಕೋಲಿನಿಂದ ಹೊಡೆಯುವ ಆಟ ಐಸ್ ಹಾಕಿ. ನಮ್ಮ ದೇಶದಲ್ಲಿ ಲಡಾಖಿನ ಜನ ಮತ್ತು ಅಲ್ಲಿಯ ಸೈನಿಕರು ಇದನ್ನು ಆಡುತ್ತಾರೆ.

ಈ ಆಟದಲ್ಲಿ ಒಂದು ಕಡೆಗೆ ಆರು ಜನ. ಗೋಲ್‌ಕೀಪರ್ ಒಬ್ಬ, ಕಾಯುವವರು ಇಬ್ಬರು, ಮುನ್ನುಗ್ಗುವವರು ಮೂವರು. ಈ ಮೂವರಿಗೆ ಸೇರಿ ಅಲ್ಲಿ ಲೈನ್ ಎಂದು ಹೆಸರು. ಆಟದ ವೇಗ ಎಷ್ಟೆಂದರೆ ಯಾರೂ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಅದೇ ಬಿರುಸಿನಲ್ಲಿ ಆಡಲಾರರು. ಆದ್ದರಿಂದ ಮುಕ್ಕಾಲು ನಿಮಿಷಕ್ಕೋ ಒಂದು ನಿಮಿಷಕ್ಕೋ ಮೂವರೂ ಒಟ್ಟಿಗೆ ಹೊರಗೆ ಬರುತ್ತಾರೆ, ಬೇರೆ ಮೂವರು ಒಟ್ಟಿಗೆ ಒಳಗೆ ಹೋಗುತ್ತಾರೆ. ಹೊರಗೆ ಬಂದವರು ಒಂದೇ ಬೆಂಚಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾರೆ. ಇಡೀ ಚಳಿಗಾಲ ಹೀಗೆ ಕೂಡಿ ಹೋಗಿ ಕೂಡಿ ಬರುವವರನ್ನು ಜನ ಒಂದೇ ಹೆಸರಿನಿಂದ ಕರೆಯುವುದರಲ್ಲಿ ಆಶ್ಚರ್ಯವೇನಿದೆ? ಜೋಡೆತ್ತುಗಳಿಗೆ ಒಟ್ಟಿಗೆ ಹೆಸರು ಹೇಳುವಂತೆ.

ನಮ್ಮ ಪಾಂಡವರು ಕಲ್ಕತ್ತೆಯಲ್ಲಿ ಗೆಲ್ಲುತ್ತಿದ್ದ 1949-50ರ ಅದೇ ದಿನಗಳಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹೋವ್, ಏಬಲ್, ಲಿಂಡ್ಸೆ ಎಂಬ ಮೂವರು ಆಡುತ್ತಿದ್ದರು. ಡೆಟ್ರಾಯಿಟ್ ಮೋಟಾರು ಕಾರ್ಖಾನೆಗಳ ಊರು. ಕಾರ್ಖಾನೆಯ ಸಾಲಿನಿಂದ ಮೋಟಾರುಗಳು ಒಂದರ ಹಿಂದೆ ಒಂದು ಹೊರಬರುವಂತೆ ಈ ಮೂವರಿಂದ ಗೋಲುಗಳು ಬರುತ್ತವೆ ಎಂದು ಅವರಿಗೆ ಪ್ರೊಡಕ್ಷನ್ ಲೈನ್, ಅಂದರೆ ತಯಾರಿಕೆಯ ಸಾಲು ಎಂಬ ಹೆಸರು ಬಿತ್ತು. ಆ ವರ್ಷ ಇಡೀ ಲೀಗಿನ ಅಂಕಪಟ್ಟಿಯಲ್ಲಿ ಮೊದಲ ಮೂರು ಸ್ಥಾನ ಈ ಮೂವರದೇ. ಕಲ್ಕತ್ತೆಯ ಜನ ಪುರಾಣದಿಂದ ಹೆಸರು ತಂದರು, ಡೆಟ್ರಾಯಿಟಿನ ಜನ ತಾವು ದುಡಿಯುವ ಜಾಗದಿಂದ ತಂದರು. ಎರಡು ಕಡೆಯೂ ಹೆಸರು ಬಂದದ್ದು ನೋಡುವವರ ಮನೆಯಿಂದಲೇ.

ಎಲ್ಲ ಹೆಸರೂ ಪ್ರೀತಿಯಿಂದ ಬಂದದ್ದಲ್ಲ. ಬಾಸ್ಟನ್ ತಂಡದ ಷ್ಮಿಟ್, ಡ್ಯೂಮಾರ್ಟ್, ಬಾವರ್ ಎಂಬ ಮೂವರು ಕೆನಡಾದ ಕಿಚನರ್ ಎಂಬ ಊರಿನ ಕಡೆಯವರು. ಜರ್ಮನ್ ಮೂಲದವರು ಹೆಚ್ಚಾಗಿ ನೆಲೆಸಿದ್ದ ಆ ಊರಿಗೆ 1916ರವರೆಗೆ ಬರ್ಲಿನ್ ಎಂದೇ ಹೆಸರಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಆ ಹೆಸರನ್ನು ಅಳಿಸಿ ಬ್ರಿಟಿಷ್ ಸೇನಾಪತಿಯ ಹೆಸರಿಟ್ಟರು. ಈ ಮೂವರ ಸಾಲಿಗೆ ಕ್ರೌಟ್ ಲೈನ್ ಎಂದು ಹೆಸರಾಯಿತು. ಕ್ರೌಟ್ ಎಂದರೆ ಹುಳಿ ಕೋಸಿನ ಪಲ್ಯ ತಿನ್ನುವವರು ಎಂದು ಜರ್ಮನರನ್ನು ಹಂಗಿಸುವ ಮಾತು. ಅವರು ಅದನ್ನು ಸಹಿಸಿಕೊಂಡು 1939-40ರಲ್ಲಿ ಲೀಗಿನ ಅಂಕಪಟ್ಟಿಯ ಮೊದಲ ಮೂರು ಸ್ಥಾನ ಪಡೆದರು. ಆಮೇಲೆ ಜರ್ಮನಿಯ ವಿರುದ್ಧ ಯುದ್ಧಕ್ಕೆ 1942ರಲ್ಲಿ ಮೂವರೂ ಒಟ್ಟಿಗೆ ಕೆನಡಾದ ವಾಯುಪಡೆ ಸೇರಿದರು. ಹೊರಡುವ ಮುನ್ನ ಆಡಿದ ಕೊನೆಯ ಆಟದಲ್ಲಿ ಎದುರಾಳಿಗಳಾದ ಮಾಂಟ್ರಿಯಲ್ ತಂಡದವರೂ ಸೇರಿ ಮೂವರನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದರು. ಹಂಗಿಸುವ ಹೆಸರನ್ನು ಹೊತ್ತವರನ್ನೇ ಜನ ಹೊತ್ತರು. ಹೆಸರು ಬದಲಾಗದಿದ್ದರೂ ಅದರ ಅರ್ಥ ಬದಲಾಯಿತು.

ರಷ್ಯಾದವರು 1980ರ ದಶಕದಲ್ಲಿ ಮೂವರನ್ನಷ್ಟೇ ಅಲ್ಲ, ಹಿಂದೆ ನಿಲ್ಲುವ ಇಬ್ಬರನ್ನೂ ಸೇರಿಸಿ ಐವರನ್ನು ಯಾವಾಗಲೂ ಒಟ್ಟಿಗೆ ಆಡಿಸಿದರು. ಕ್ರುತೋವ್, ಲಾರಿಯೊನೋವ್, ಮಕಾರೋವ್ ಎಂಬ ಮುಂದಿನ ಮೂವರ ಮೊದಲ ಅಕ್ಷರ ಕೂಡಿಸಿದರೆ ಹಾಲೆಂಡಿನ ವಿಮಾನ ಕಂಪನಿ ಕೆ.ಎಲ್.ಎಂ.ನ ಹೆಸರಾಗುತ್ತದೆ. ಹಾಗಾಗಿ ಅವರು ಕೆ.ಎಲ್.ಎಂ. ಲೈನ್ ಎಂದೇ ಪ್ರಸಿದ್ಧರು. 1984 ಮತ್ತು 1988ರ ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಅವರಿಗೆ ಚಿನ್ನ ಬಂತು. ಹಿಂದಿನ ಇಬ್ಬರಾದ ಫೆತಿಸೋವ್ ಮತ್ತು ಕಸಾತೋನೋವ್ ಅವರ ಅಕ್ಷರಕ್ಕೆ ಆ ಹೆಸರಿನಲ್ಲಿ ಜಾಗ ಸಿಗಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಇದರ ಕೆಲಸವಿದೆ.

ಕೂಡು ಹೆಸರಿನ ಗುಟ್ಟು ನನಗೆ ಅರ್ಥವಾದದ್ದು ಮೈದಾನದಲ್ಲಲ್ಲ, ಬ್ಯಾಂಕಿನ ಕೌಂಟರಿನಲ್ಲಿ. ಕಂಪ್ಯೂಟರ್ ಬರುವ ಮುನ್ನ ಒಂದು ಚೆಕ್ಕಿಗೆ ಹಣ ಸಿಗಬೇಕಾದರೆ ಮೂವರ ಕೈ ದಾಟಬೇಕಿತ್ತು. ಲೆಡ್ಜರಿನ ಗುಮಾಸ್ತ ಖಾತೆ ನೋಡಿ ಬರೆಯಬೇಕು, ಅಧಿಕಾರಿ ಸಹಿ ತಾಳೆ ನೋಡಿ ಪಾಸ್ ಮಾಡಬೇಕು, ಕ್ಯಾಷಿಯರ್ ಟೋಕನ್ ಕೂಗಿ ಹಣ ಎಣಿಸಿಕೊಡಬೇಕು. ನಾನಿದ್ದ ಒಂದು ಶಾಖೆಯಲ್ಲಿ ಹೀಗೆ ಮೂವರು ಕೆಲವು ವರ್ಷ ಜೊತೆಗಿದ್ದೆವು. ಒಬ್ಬರು ತಲೆ ಎತ್ತಿದರೆ ಇನ್ನೊಬ್ಬರಿಗೆ ವಿಷಯ ತಿಳಿಯುತ್ತಿತ್ತು. ಸಂತೆಗೆ ಬರುವ ರೈತರು ನಮಗೆ ಒಲೆಗಲ್ಲು ಎಂದು ಹೆಸರಿಟ್ಟಿದ್ದರು. ಮೂರು ಕಲ್ಲಿದ್ದರೆ ತಾನೇ ಒಲೆ, ಪಾತ್ರೆ ಕೂರುವುದು? ಅಧಿಕಾರಿಗೆ ವರ್ಗವಾಯಿತು. ಬಂದವರು ಅವರಿಗಿಂತ ಚುರುಕಿನವರೇ. ಆದರೂ ಒಲೆಗಲ್ಲು ಎಂಬ ಮಾತು ಆ ತಿಂಗಳೇ ನಿಂತುಹೋಯಿತು. ಕೂಡು ಹೆಸರು ಇರುವುದು ಒಬ್ಬೊಬ್ಬರ ಜಾಣತನದಲ್ಲಿ ಅಲ್ಲ, ಇಬ್ಬರ ನಡುವೆ ಇರುವ ತಿಳಿವಳಿಕೆಯಲ್ಲಿ. ಒಬ್ಬರು ಹೋದರೆ ಆ ನಡುವಿನದು ಹೋಗುತ್ತದೆ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯನ್ನು ನೀವು ಕೇಳಬಹುದು. ಕ್ರಿಕೆಟ್ಟಿನಲ್ಲಿ ಸ್ಪಿನ್ ಚತುಷ್ಟಯ ಎಂದು ಪ್ರಸಿದ್ಧರಾದ ನಾಲ್ವರಿದ್ದಾರೆ. ಪ್ರಸನ್ನ ಮತ್ತು ಚಂದ್ರಶೇಖರ್ ನಮ್ಮ ಕನ್ನಡ ನಾಡಿನವರು, ವೆಂಕಟರಾಘವನ್ ಮದ್ರಾಸಿನವರು, ಬೇಡಿ ಪಂಜಾಬಿನವರು. ಈ ನಾಲ್ವರೂ ಒಂದೇ ಟೆಸ್ಟ್ ಪಂದ್ಯದಲ್ಲಿ ಕೂಡಿ ಆಡಿದ್ದು ಒಂದೇ ಒಂದು ಸಲ, 1967ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಆ ಪಂದ್ಯದಲ್ಲಿ ನಾವು ಸೋತೆವು. ಹಾಗಿದ್ದರೂ ಚತುಷ್ಟಯ ಎಂಬ ಹೆಸರು ನಿಂತಿದೆ. ಇದು ಜೊತೆಯಲ್ಲಿ ಆಡಿದ್ದಕ್ಕೆ ಬಂದ ಹೆಸರಲ್ಲ, ಒಂದೇ ಕಾಲದಲ್ಲಿ ಒಂದೇ ವಿದ್ಯೆಯಲ್ಲಿ ನಾಲ್ವರು ಪಾರಂಗತರು ಇದ್ದದ್ದಕ್ಕೆ ಬಂದ ಹೆಸರು. ಒಂದೇ ಕಪಾಟಿನಲ್ಲಿಟ್ಟ ನಾಲ್ಕು ಒಳ್ಳೆಯ ಪುಸ್ತಕಗಳ ಹಾಗೆ ಅವರು. ಪಾಂಡವರದು ಒಂದೇ ಪುಸ್ತಕದ ಐದು ಅಧ್ಯಾಯ.

ಇನ್ನು ತಂಡಗಳು ತಾವೇ ಇಟ್ಟುಕೊಳ್ಳುವ ಹೆಸರಿನ ಮಾತು. ನಮ್ಮ ನೆರೆಯ ಕೊಡಗಿನಲ್ಲಿ 1997ರಲ್ಲಿ ಕರಡ ಎಂಬ ಊರಿನಲ್ಲಿ ಪಾಂಡಂಡ ಕುಟ್ಟಪ್ಪನವರು ಕೌಟುಂಬಿಕ ಹಾಕಿ ಹಬ್ಬವನ್ನು ಆರಂಭಿಸಿದರು. ಅಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡ, ಮನೆತನದ ಹೆಸರೇ ತಂಡದ ಹೆಸರು. ಮೊದಲು ಹೇಳಿದ ಧಾರವಾಡದ ಅರ್ಥದ ಅಡ್ಡಹೆಸರು ಅದು, ಹುಟ್ಟಿನಿಂದ ಬಂದದ್ದು. ಅದನ್ನು ಯಾರೂ ಕಿತ್ತುಕೊಳ್ಳಲಾರರು. ಪಂಚಪಾಂಡವರದು ಎರಡನೆಯ ಬಗೆಯದು, ಜನರು ಕೊಟ್ಟದ್ದು. ಜನ ಮರೆತರೆ ಅದು ಇಲ್ಲ.

ಫುಟ್‌ಬಾಲಿನಲ್ಲಿ ಇಂಥ ಹೆಸರು ಮುಂದೆ ಏಕೆ ಹುಟ್ಟಲಿಲ್ಲ ಎಂಬುದಕ್ಕೂ ಚರಿತ್ರೆಯಲ್ಲಿ ಕಾರಣವಿದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಕ್ಕೆ 10-1ರಿಂದ ಸೋತಿತು. ನಮ್ಮ ಆ ಒಂದು ಗೋಲು ಹೊಡೆದವರು ಅಹ್ಮದ್ ಖಾನ್. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು, ಬರಿಗಾಲಿನ ಕಾಲ ಮುಗಿಯಿತು. 1958ರ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ನಾಲ್ವರು ಹಿಂದೆ, ಇಬ್ಬರು ನಡುವೆ, ನಾಲ್ವರು ಮುಂದೆ ಎಂಬ ಪದ್ಧತಿಯಿಂದ ಗೆದ್ದಿತು. ಹೈದರಾಬಾದಿನ ತರಬೇತುದಾರ ರಹೀಮ್ ಸಾಹೇಬರು ಆ ಪದ್ಧತಿಯನ್ನು ಭಾರತದ ತಂಡಕ್ಕೂ ತಂದರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಾಗ ಜನರ ಬಾಯಲ್ಲಿದ್ದದ್ದು ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಬಲರಾಮ್ ಎಂಬ ಮೂರು ಹೆಸರು. ಅವರು ತ್ರಿಮೂರ್ತಿಗಳು. ಸಂಖ್ಯೆ ಐದರಿಂದ ಮೂರಕ್ಕೆ ಇಳಿದ ಮೇಲೆ ಮಹಾಭಾರತದ ಹೆಸರು ಹೊಂದುವುದಿಲ್ಲ. ಈಗ ಮುಂದೆ ಮೂವರೋ ಇಬ್ಬರೋ ಒಬ್ಬರೋ. ಆಟಗಾರರೂ ವರ್ಷಕ್ಕೊಂದು ತಂಡ ಬದಲಿಸುತ್ತಾರೆ. ಐಸ್ ಹಾಕಿಯಲ್ಲಿ ಮೂವರ ಸಾಲು ಇಂದಿಗೂ ಇದೆ, ಆದ್ದರಿಂದ ಹೆಸರಿಡುವುದೂ ಇದೆ. ಪಾತ್ರೆ ಇದ್ದರೆ ತಾನೇ ಅದಕ್ಕೊಂದು ಹೆಸರು.

ಇಷ್ಟು ಹೇಳಿದ ಮೇಲೆ ಕೂಡು ಹೆಸರಿನ ಇನ್ನೊಂದು ಮುಖವನ್ನೂ ನೋಡಬೇಕು. ಇಂಥ ಹೆಸರು ಐವರನ್ನು ಕಾಪಾಡುತ್ತದೆ, ಹಾಗೆಯೇ ಒಬ್ಬೊಬ್ಬರನ್ನು ಮರೆಸುತ್ತದೆ. ಪಂಚಪಾಂಡವರು ಎಂದರೆ ಧರ್ಮರಾಯ, ಭೀಮ, ಅರ್ಜುನ ಎಂದು ನಮ್ಮ ಮಕ್ಕಳು ಥಟ್ಟನೆ ಹೇಳುತ್ತಾರೆ. ಆಮೇಲೆ ಒಂದು ಉಸಿರು ನಿಂತು ನಕುಲ, ಸಹದೇವ ಎನ್ನುತ್ತಾರೆ. ಕಲ್ಕತ್ತೆಯ ಪಾಂಡವರಲ್ಲಿಯೂ ಹೀಗೆಯೇ ಆಗಿದೆ. ಚೆಂಡನ್ನು ಕಾಲಿನಲ್ಲಿ ಕುಣಿಸುತ್ತಿದ್ದ ಅಹ್ಮದ್ ಖಾನರನ್ನು ಹಾವಾಡಿಗ ಎಂದು ಕರೆದರು. ಅವರಿಗೆ ಎರಡು ಹೆಸರು ಸಿಕ್ಕಿತು. ಉಳಿದ ನಾಲ್ವರು ಒಂದೇ ಹೆಸರಿನಡಿ ಉಳಿದರು. ಐವರ ಹಿಂದೆ ನಿಂತು ಚೆಂಡು ಒದಗಿಸಿದ ಮೂವರು ಹಾಫ್‌ಬ್ಯಾಕ್‌ಗಳಿಗೆ, ಇಬ್ಬರು ಬ್ಯಾಕ್‌ಗಳಿಗೆ, ಗೋಲ್‌ಕೀಪರಿಗೆ ಪುರಾಣದಲ್ಲಿ ಯಾವ ಪಾತ್ರವೂ ಸಿಗಲಿಲ್ಲ. ರಷ್ಯಾದ ಆ ಇಬ್ಬರಿಗೆ ಅಕ್ಷರ ಸಿಗದಿದ್ದಂತೆ.

ಐವರಲ್ಲಿ ಅಹ್ಮದ್ ಖಾನ್, ಧನರಾಜ್ 1948ರ ಲಂಡನ್ ಒಲಿಂಪಿಕ್ಸ್ ತಂಡದಲ್ಲಿದ್ದರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಅದು. ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ ನಮ್ಮ ತಂಡ ಫ್ರಾನ್ಸಿಗೆ 2-1ರಿಂದ ಸೋತಿತು. ಎರಡು ಪೆನಾಲ್ಟಿ ಕೈತಪ್ಪಿದ್ದರಿಂದ ಸೋತಿತು. ಅಹ್ಮದ್ ಖಾನ್, ವೆಂಕಟೇಶ್, ಸಾಲೇಹ್ 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿದ್ದರು. ಕ್ರೀಡಾಪಟುಗಳಿಗೆ ಕೇಂದ್ರ ಸರಕಾರ ಅರ್ಜುನ ಪ್ರಶಸ್ತಿ ಕೊಡಲು ತೊಡಗಿದ್ದು 1961ರಲ್ಲಿ. ಪಾಂಡವರ ಹೆಸರಿನ ಆ ಪ್ರಶಸ್ತಿ ಹುಟ್ಟುವ ಹೊತ್ತಿಗೆ ಕಲ್ಕತ್ತೆಯ ಪಾಂಡವರು ಮೈದಾನ ಬಿಟ್ಟಾಗಿತ್ತು. ಅಹ್ಮದ್ ಖಾನ್ 1959ರವರೆಗೆ ಅದೇ ಕ್ಲಬ್ಬಿನಲ್ಲಿ ಆಡಿ ಬೆಂಗಳೂರಿಗೆ ಮರಳಿದರು. 2017ರ ಆಗಸ್ಟ್‌ನಲ್ಲಿ, ತೊಂಬತ್ತು ವರ್ಷ ತುಂಬಿದ ಮೇಲೆ, ಹುಟ್ಟಿದ ಊರಿನಲ್ಲಿಯೇ ಕಣ್ಣುಮುಚ್ಚಿದರು. ಕಲ್ಕತ್ತೆಯಲ್ಲಿ ಅವರು ಪಾಂಡವ. ಬೆಂಗಳೂರಿನ ಬೀದಿಯಲ್ಲಿ ಅವರನ್ನು ಕಂಡು ಗುರುತಿಸಿ ನಿಂತವರು ಎಷ್ಟು ಜನ ಇದ್ದಾರು?

ಕರ್ನಾಟಕ ತಂಡ 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೆ ಮುಂಚೆ ಗೆದ್ದದ್ದು ಮೈಸೂರು ಎಂಬ ಹೆಸರಿನಲ್ಲಿ, 1968-69ರಲ್ಲಿ. ನಡುವೆ 54 ವರ್ಷಗಳ ಮೌನ. ಮರೆವು ಬೆಳೆಯಲು ಅಷ್ಟು ಕಾಲ ಧಾರಾಳ ಸಾಕು.

ಆದ್ದರಿಂದ ಓದುಗರೇ, ನಿಮ್ಮಲ್ಲಿ ಒಂದು ಬಿನ್ನಹ. ನಿಮ್ಮ ಊರಿನ ಮೈದಾನದಲ್ಲಿಯೂ ಒಂದು ಕಾಲದಲ್ಲಿ ಜನ ಹೆಸರಿಟ್ಟು ಕರೆದ ಜೋಡಿಯೋ ಮೂವರೋ ಐವರೋ ಇದ್ದಿರಬಹುದು. ಕೂಡು ಹೆಸರನ್ನು ಹೇಳಿ ಸುಮ್ಮನಾಗಬೇಡಿ. ಅದರ ಕೆಳಗೆ ಒಬ್ಬೊಬ್ಬರ ಹೆಸರು, ತಂದೆಯ ಹೆಸರು, ಯಾವ ಜಾಗದಲ್ಲಿ ಆಡುತ್ತಿದ್ದರು ಎಂಬುದನ್ನು ಒಂದು ಹಳೆಯ ನೋಟುಬುಕ್ಕಿನಲ್ಲಾದರೂ ಬರೆದಿಡಿ. ಹಿಂದೆ ನಿಂತು ಚೆಂಡು ಒದಗಿಸಿದವರ ಹೆಸರನ್ನೂ ಬರೆಯಿರಿ. ಬ್ಯಾಂಕಿನಲ್ಲಿ ನಾವು ಕಲಿತ ಮೊದಲ ಪಾಠ ಇದೇ: ಒಟ್ಟು ಮೊತ್ತ ಸರಿಯಿದ್ದರೆ ಸಾಲದು, ಅದರೊಳಗಿನ ಒಂದೊಂದು ಬಾಬ್ತೂ ಕಾಣಬೇಕು. ಪಂಚಪಾಂಡವರು ಎಂಬುದು ಮೊತ್ತ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇಹ್ ಎಂಬುದು ಬಾಬ್ತು. ಎರಡನ್ನೂ ನೆನಪಿಡೋಣ.